ಹಾವರ್‌ಫ್ಲೈಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡಿಗೆ ಬೇಕು, ತುರ್ತು

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ದೇವರಾಯನದುರ್ಗ, ನಾಮದ ಚಿಲುಮೆ ಕಡೆ ತೆಗೆದ ನೊಣಗಳ ಫೋಟೋಗಳನ್ನು ನಾವು ಕೆಲವರು ಪ್ರದರ್ಶನಕ್ಕೆ ಇಡುತ್ತಿದ್ದೇವೆ. ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ತೆಗೆದವೇ ಜಾಸ್ತಿ. ನಾಡಿದ್ದು ಬೋರ್ಡು ಪ್ರಿಂಟಿಗೆ ಹೋಗಬೇಕು. ಎರಡು ಪದ ಬೇಕಾಗಿವೆ.

ಮೊದಲನೆಯದು ಹಾವರ್‌ಫ್ಲೈ. ಕೊತ್ತಂಬರಿ ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಂತಿರುತ್ತದಲ್ಲ, ಹಳದಿ ಕಪ್ಪು ಪಟ್ಟೆಯದು, ಅದು. ನೋಡಿದವರೆಲ್ಲ ಜೇನುಹುಳ ಅಂತಾರೆ. ಆದರೆ ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಮೀಸೆ ಗಿಡ್ಡ, ಕಣ್ಣು ತಲೆ ತುಂಬ. ಬೇರೆ ನೊಣವೇನೋ ಅನ್ನಿಸಿದರೆ ರೆಕ್ಕೆಯ ಫೋಟೋ ಹಿಗ್ಗಿಸಿ ನೋಡಬೇಕು. ಮಧ್ಯದಲ್ಲಿ ಬೇರೆ ನರಗಳಿಗೆ ಸೇರದ ಒಂದು ಸುಳ್ಳು ನರ ಕಂಡರೆ ಹೆಚ್ಚುಕಡಿಮೆ ಖಾತ್ರಿ.

ಎರಡನೆಯದು ಹಾಲ್ಟಿಯರ್. ನೊಣದ ಹಿಂದಿನ ಜೋಡಿ ರೆಕ್ಕೆ ಕಿರಿದಾಗಿ ಗುಂಡುಸೂಜಿಯಂತೆ ಉಳಿದಿರುತ್ತದೆ. ಹಾರುವಾಗ ಮೈ ವಾಲಿದರೆ ಅದರಿಂದಲೇ ನೊಣಕ್ಕೆ ಗೊತ್ತಾಗುವುದು.

ಹಾವರ್‌ಫ್ಲೈಗೆ ನಮಗೆ ಹೊಳೆದದ್ದು ಸುಳಿನೊಣ, ತೇಲುನೊಣ, ಪುಷ್ಪನೊಣ. ಯಾವುದಾದೀತು?

ತಿಪಟೂರಿನಿಂದ:

ಮೊದಲು ನೊಣವನ್ನೇ ನೋಡಿ. ಇದರ ಹಳೆಯ ರೂಪ ನೊಳ. ತಮಿಳಿನ ನುಳಂಬು ಇದರದೇ ನಂಟ, ಅಲ್ಲಿ ಅದು ನುಸಿಗೆ ಹೆಸರು. ಹಾಗಾಗಿ ಬೋರ್ಡಿನಲ್ಲಿ ನೊಳ ಅಂತಲೇ ಬರೆಯಬೇಕು. ಇನ್ನು ನಮ್ಮ ನೊಣವಿನಕೆರೆ. ಅದು ನೊಣದ ಕೆರೆ ಅಲ್ಲ, ಹೇಮಾವತಿ ಅನ್ನುವ ಊರಿನಿಂದ ಆಳಿದ ನೊಳಂಬ ಅರಸರ ಕೆರೆ ಅನ್ನುವುದು ನನ್ನ ಹಳೆಯ ವಾದ.

ಗೌರಿಬಿದನೂರಿನಿಂದ:

> ನೊಣವಿನಕೆರೆ

ಕೆರೆ ಬಿಡಿ ಸಾರ್.

ಪುಷ್ಪನೊಣ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ತೆಗೆದುಹಾಕಿ. ಸುಳಿನೊಣ ಬೇರೆಯೇ ಹುಳ, ಜೋಳದ ಸುಳಿ ಒಣಗಿಸುವ ನೊಣಕ್ಕೆ ರೈತರು ಆಗಲೇ ಇಟ್ಟ ಹೆಸರು. ಅದನ್ನು ಬೋರ್ಡಿಗೆ ಹಾಕಿದರೆ ಜೋಳ ಬೆಳೆಯುವವರು ಏನು ಔಷಧಿ ಹೊಡೀಬೇಕು ಅಂತ ಕೇಳುತ್ತಾರೆ. ನಿಮ್ಮ ನೊಣದ ಜಾತಿಯಲ್ಲಿ ಎಷ್ಟೋ ಮರಿಹುಳುಗಳು ಗಿಡದ ಹೇನು ತಿಂದು ಬದುಕುತ್ತವೆ. ಅದಕ್ಕೂ ಔಷಧಿ ಹೊಡೆಸುತ್ತೀರಾ?

ತೇಲುನೊಣ ಸರಿ. ಸುಡುಗಾಡು, ಹಾರುಬೂದಿ ಇದ್ದ ಹಾಗೆ, ಎರಡೂ ಕಡೆ ಕನ್ನಡವೇ. ಹಾಲ್ಟಿಯರ್‌ಗೆ ತೂಗುಗುಂಡು. ಗ್ರೀಕಿನಲ್ಲೂ ಅದು ಜಿಗಿಯುವವರು ಕೈಯಲ್ಲಿ ಹಿಡಿಯುತ್ತಿದ್ದ ತೂಕದ ಹೆಸರೇ. ಇಂಗ್ಲಿಷ್ ಹೆಸರು ಬೋರ್ಡಿನ ಮೇಲೆ ಬರಲೇಬಾರದು.

ಶಿಡ್ಲಘಟ್ಟದಿಂದ:

ತೇಲುನೊಣ ಅಂದರೆ ಟೀ ಲೋಟಕ್ಕೆ ಬಿದ್ದದ್ದು ಅಲ್ವಾ ಮೇಷ್ಟ್ರೇ?

ಇಂಗ್ಲಿಷ್ ಬೇಡ ಅನ್ನುವವರು ನಮ್ಮ ಕಡೆ ರೇಷ್ಮೆಹುಳು ಸಾಕುವ ಮನೆಗೆ ಬಂದು ನೋಡಿ. ಅಲ್ಲಿ ಎಲ್ಲರ ಬಾಯಲ್ಲೂ ಊಜಿ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದ ನೊಣ. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕ ಜಾಗದಲ್ಲಿ ಕಪ್ಪು ಕಲೆ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳುವಿಗೆ ತಗಲಿದರೆ ಗೂಡು ಕಟ್ಟಿದ ಮೇಲೆ ಅದನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತುಗೂಡನ್ನು ಮಾರುಕಟ್ಟೆಯಲ್ಲಿ ಯಾರು ಕೇಳುತ್ತಾರೆ? ಹೆಸರು ಜಪಾನಿನದು, ಅಲ್ಲಿ ಉಜಿ ಅಂದರೆ ನೊಣದ ಮರಿಹುಳು. ಯಾವ ಪಂಡಿತರನ್ನೂ ಕೇಳದೆ ನಮ್ಮಜ್ಜಿ ‘ಊಜಿ ಬಿದ್ದೈತೆ’ ಅನ್ನುತ್ತಿದ್ದರು. ಅದನ್ನೂ ಕಿತ್ತು ಬೇರೆ ಪದ ನೆಡುತ್ತೀರಾ?

ಗೌರಿಬಿದನೂರಿನಿಂದ:

ಊಜಿ ಬಾಯಿಗೆ ಒಗ್ಗಿದೆ, ಇರಲಿ. ಹಾವರ್‌ಫ್ಲೈ ಒಗ್ಗಿಲ್ಲ.

ಶಿಡ್ಲಘಟ್ಟದಿಂದ:

ಒಗ್ಗುವ ಮೊದಲೇ ಓಡಿಸಿದರೆ ಒಗ್ಗುವುದು ಯಾವಾಗ?

ಶ್ರೀನಿವಾಸಪುರದಿಂದ:

ಸುಮ್ನೆ ಹೂನೊಣ ಅನ್ನಿ. ಅಮೆರಿಕದವರೂ ಇದನ್ನು ಫ್ಲವರ್ ಫ್ಲೈ ಅಂತಾರೆ. ನಮ್ಮ ಮಾವಿನ ತೋಟಗಳಲ್ಲಿ ಹಣ್ಣುನೊಣ ಅಂದರೆ ಯಾರೂ ಅರ್ಥ ಕೇಳುವುದಿಲ್ಲ. ಇದೂ ಹಾಗೇ ನಡೆದುಹೋಗುತ್ತದೆ.

ಗೌರಿಬಿದನೂರಿನಿಂದ:

> ಹಣ್ಣುನೊಣ

ಗಟ್ಟಿ ಮಾವಿಗೆ ಚುಚ್ಚಿ ಮೊಟ್ಟೆ ಇಡುವುದಕ್ಕೂ ಅದೇ ಹೆಸರು, ಕೊಳೆತ ಬಾಳೆಹಣ್ಣಿಗೆ ಮುತ್ತುವ ಡ್ರೊಸಾಫಿಲಕ್ಕೂ ಅದೇ ಹೆಸರು. ಫೋಟೋ ಹಾಕಿದವರೆಲ್ಲ ಎರಡನ್ನೂ ಕಲಸುತ್ತಾರೆ. ಒಳ್ಳೆಯ ಮಾದರಿ ಹಿಡಿದಿರಿ. ಹೂವಿಗೆ ಹೋಗುವ ನೊಣ ಇದೊಂದೇನಾ?

ಶ್ರೀನಿವಾಸಪುರದಿಂದ:

ಅಲ್ಲ. ಹಾಗೆ ನೋಡಿದರೆ ಜೇನುಹುಳ ಒಂದೇ ಜೇನು ಮಾಡುತ್ತದಾ? ಚುಚ್ಚದ ಪುಟ್ಟ ನಸರಿ ಹುಳವೂ ಮಾಡುತ್ತದೆ. ಹೆಸರು ಗುರುತು ಹಿಡಿಯೋದಕ್ಕೆ ಸಾರ್, ಜಾತಕ ಬರೆಯೋದಕ್ಕಲ್ಲ.

ತುಮಕೂರಿನಿಂದ:

ಎಲ್ಲರಿಗೂ ಧನ್ಯವಾದ. ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು, ಹೂನೊಣ ಅಂತ ಕಳಿಸಿಬಿಟ್ಟೆ. ಕೆಳಗೆ ಸಣ್ಣಕ್ಷರದಲ್ಲಿ ಹಾವರ್‌ಫ್ಲೈ ಇದೆ, ಫೋಟೋ ನೋಡಿದ ಮಕ್ಕಳು ಇಂಟರ್ನೆಟ್‌ನಲ್ಲಿ ಹುಡುಕಬೇಕಲ್ಲ. ತೂಗುಗುಂಡು ಮಾತ್ರ ನಮ್ಮವರಿಗೆಲ್ಲ ಹಿಡಿಸಿತು, ದಪ್ಪಕ್ಷರದಲ್ಲೇ ಹಾಕಿದ್ದೇವೆ. ಮೇಷ್ಟ್ರು ಒಂದು ಸಲ ಬಂದು ನೋಡಬೇಕು.

ಗೌರಿಬಿದನೂರಿನಿಂದ:

> ಕೆಳಗೆ ಸಣ್ಣಕ್ಷರದಲ್ಲಿ ಹಾವರ್‌ಫ್ಲೈ

ಬರುವುದಿಲ್ಲ.