ಸಹಾಯ ಬೇಕು: ಹೊಸ ವರ್ಷಕ್ಕೆ ಎಷ್ಟು ಕೌದಿಗಳ ಗುರಿ ಸೂಕ್ತ?

ಮೈಸೂರಿನ ಕುವೆಂಪುನಗರದಲ್ಲಿ ವಾಸವಾಗಿರುವ ನಾನು, ಹಳೆಯ ಹತ್ತಿ ಸೀರೆಗಳಿಂದ ಈ ಯುಗಾದಿಯಿಂದ ಮುಂದಿನ ಯುಗಾದಿಯೊಳಗೆ ಎಷ್ಟು ಕೌದಿಗಳನ್ನು ಹೊಲಿದು ಮುಗಿಸುವ ಗುರಿ ಇಟ್ಟುಕೊಳ್ಳಬಹುದೆಂದು ಅನುಭವಿಗಳನ್ನು ಕೇಳುತ್ತಿದ್ದೇನೆ. 60 ಅಂಗುಲ ಅಗಲ, 84 ಅಂಗುಲ ಉದ್ದದ ಒಂದು ಕೌದಿಗೆ, ಹೊಲಿದ ಮೇಲೆ 12 ಅಂಗುಲ ಬರುವ 35 ಚೌಕಗಳು ಬೇಕು. ಇವುಗಳನ್ನು ಯಂತ್ರದಲ್ಲಿ ಜೋಡಿಸುವುದು ಬೇಗ ಮುಗಿದರೂ, ಪದರಗಳನ್ನು ಸೇರಿಸಿ ಕೈಯಿಂದ ಹಾಕುವ ಹೊಲಿಗೆಗೇ ಹೆಚ್ಚಿನ ಸಮಯ ಹಿಡಿಯುತ್ತದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರಂತೆ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೊಲಿಯಬೇಕೆಂಬ ಆಸೆಯಿರುವುದರಿಂದ (ಆ ಸೊಬಗು ಯಂತ್ರದ ಹೊಲಿಗೆಗೆ ಬಾರದು) ಅದರಲ್ಲಿ ಅವಸರ ಮಾಡಲು ನನಗೆ ಮನಸ್ಸಿಲ್ಲ. ಸಂಜೆ ಒಂದು ಗಂಟೆಯಷ್ಟೇ ಬಿಡುವಿರುವವರಿಗೆ ವರ್ಷಕ್ಕೆ ಎರಡು ಕೌದಿಗಳು ಸಾಧ್ಯವೇ, ಅಥವಾ ಮೊದಲು ತೊಟ್ಟಿಲಿನ ಅಳತೆಯದೊಂದನ್ನು ಹೊಲಿದು ವೇಗ ತಿಳಿದುಕೊಳ್ಳುವುದು ಒಳ್ಳೆಯದೇ ಎಂಬುದನ್ನು ದಯವಿಟ್ಟು ತಿಳಿಸಿ.