ಯಹೂದಿ ಸಮುದಾಯ ಕೇಂದ್ರದ ಬೇಸಿಗೆ ಡೇ ಕ್ಯಾಂಪ್: ನಾಲ್ಕೂವರೆ ಮತ್ತು ಒಂಬತ್ತು ವರ್ಷದ ಮಕ್ಕಳಿಗೆ ಒಗ್ಗುವುದೇ?

ಪ್ರಶ್ನೆ: ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ, ಸೆಪ್ಟೆಂಬರಿನಲ್ಲಿ ನಾಲ್ಕನೆಯ ತರಗತಿಗೆ ಸೇರುತ್ತಾಳೆ. ಮಗನಿಗೆ ನಾಲ್ಕೂವರೆ ವರ್ಷ, ಇನ್ನೂ ಕಿಂಡರ್‌ಗಾರ್ಟನ್‌ಗೆ ಹೋಗಿಲ್ಲ. ಇಷ್ಟು ವರ್ಷ ಬೇಸಿಗೆ ರಜೆಗೆ ಒಮ್ಮೆ ನನ್ನ ತಂದೆತಾಯಿ, ಒಮ್ಮೆ ಅತ್ತೆಮಾವ ಹಾಸನದಿಂದ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಈ ಸಲ ಅತ್ತೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಯಾರೂ ಬರುವಂತಿಲ್ಲ, ನಮ್ಮಿಬ್ಬರಿಗೂ ಕಚೇರಿಗೆ ಹೋಗಲೇಬೇಕು.

ಮನೆಯ ಹತ್ತಿರ ಎರಡು ಶಿಬಿರಗಳಿವೆ. ಒಂದು ಯಹೂದಿ ಸಮುದಾಯ ಕೇಂದ್ರದ್ದು, ಅಂದರೆ ಇಲ್ಲಿ ಎಲ್ಲರೂ ಜೆ.ಸಿ.ಸಿ. ಎನ್ನುವ ಸಂಸ್ಥೆಯದು. ಇನ್ನೊಂದು ಗಾನ್ ಇಸ್ರೇಲ್ ಎಂಬ ಹೆಸರಿನದು. ಎರಡರ ಮಾಹಿತಿ ಪುಸ್ತಿಕೆಯಲ್ಲೂ ಈಜು, ಕುಶಲಕಲೆ, ಗಾಗಾ, ಶಬ್ಬಾತ್, ಮಕ್ಕಾಬಿಯಾ ಎಂದೆಲ್ಲ ಬರೆದಿದ್ದಾರೆ. ಗುಂಪುಗಳಿಗೆ ಹೀಬ್ರೂ ಹೆಸರುಗಳಿರುವುದರಿಂದ ಯಾವ ವಯಸ್ಸಿನವರು ಏನು ಮಾಡುತ್ತಾರೆಂಬುದು ನನಗೆ ಸ್ಪಷ್ಟವಾಗಲಿಲ್ಲ. ನಾನು ಚಿಕ್ಕವಳಿದ್ದಾಗ ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಹೋಗಿದ್ದೆ. ಶಿಬಿರವೆಂದರೆ ನನ್ನ ಕಣ್ಣ ಮುಂದೆ ಬರುವುದು ಅದೊಂದೇ.

ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿ ಧರ್ಮಬೋಧನೆ ಎಷ್ಟರಮಟ್ಟಿಗೆ ಇರುತ್ತದೆ, ಚಿಕ್ಕವನು ಇಡೀ ದಿನ ಇರಬಲ್ಲನೇ, ಊಟಕ್ಕೆ ಏನು ಕಳುಹಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು. ಸುರಕ್ಷತೆಯ ಬಗ್ಗೆ ನನ್ನ ಯಜಮಾನರಿಗೆ ಸ್ವಲ್ಪ ಆತಂಕವಿದೆ, ಅದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ_ಬೆಂಚು

ನನ್ನ ಇಬ್ಬರು ಮಕ್ಕಳೂ ಸೇರಿ ಏಳು ಬೇಸಿಗೆಗಳನ್ನು ಜೆ.ಸಿ.ಸಿ. ಶಿಬಿರದಲ್ಲಿ ಕಳೆದಿದ್ದಾರೆ, ಹಿರಿಯವನು ಕಳೆದ ವರ್ಷ ಅಲ್ಲಿಯೇ ತರಬೇತಿ ಕೌನ್ಸೆಲರ್, ಅಂದರೆ ಮಕ್ಕಳ ಗುಂಪನ್ನು ನೋಡಿಕೊಳ್ಳುವುದನ್ನು ಕಲಿಯುವ ಯುವ ಸಹಾಯಕ, ಆಗಿದ್ದ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ತಿಳಿಯಬೇಕಾದದ್ದು, ನೀವು ಹೇಳಿದ ಎರಡು ಶಿಬಿರಗಳು ಒಂದೇ ಜಾತಿಯವಲ್ಲ. ಜೆ.ಸಿ.ಸಿ. ಎಂಬುದು ಸಮುದಾಯ ಭವನವಿದ್ದಂತೆ. ಈಜುಕೊಳ, ವ್ಯಾಯಾಮಶಾಲೆ, ಶಿಶುವಿಹಾರಗಳೆಲ್ಲ ಅಲ್ಲಿರುತ್ತವೆ, ಸಾಮಾನ್ಯವಾಗಿ ಎಲ್ಲ ಧರ್ಮದವರನ್ನೂ ಸೇರಿಸಿಕೊಳ್ಳುತ್ತಾರೆ. ಇದರ ಮೂಲ 1854ರಲ್ಲಿ ಬಾಲ್ಟಿಮೋರ್‌ನಲ್ಲಿ ಯಹೂದಿ ಯುವಕರಿಗಾಗಿ ಆರಂಭವಾದ ಸಂಘದಲ್ಲಿದೆ. ಗಾನ್ ಇಸ್ರೇಲ್ ಶಿಬಿರಗಳನ್ನು ನಡೆಸುವವರು ಯಹೂದಿಗಳಲ್ಲೇ ಹಬಾದ್ ಲುಬಾವಿಚ್ ಎಂಬ ಸಂಪ್ರದಾಯಸ್ಥ ಹಸಿದಿ ಪಂಥದವರು. ಅವರ ಮೊದಲ ಶಿಬಿರ 1956ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿ ನಡೆಯಿತು. ಹೆಸರಿನ ಅರ್ಥ ‘ಇಸ್ರೇಲಿನ ತೋಟ’ ಎಂದಾದರೂ ಅದರಲ್ಲಿ ಹಸಿದಿ ಪಂಥದ ಮೂಲಪುರುಷರಾದ ಇಸ್ರೇಲ್ ಬಾಲ್ ಶೆಮ್ ತೋವ್ ಅವರ ಹೆಸರೂ ಅಡಗಿದೆ. ಆ ಶಿಬಿರಗಳು ಯಹೂದಿ ಮಕ್ಕಳನ್ನು ಉದ್ದೇಶಿಸಿಯೇ ನಡೆಯುವಂಥವು. ಅನ್ಯಧರ್ಮೀಯರನ್ನು ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನು ನೇರವಾಗಿ ಕೇಳಿಯೇ ಮುಂದುವರಿಯಿರಿ, ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಇನ್ನು ವಯಸ್ಸಿನ ಗುಂಪುಗಳು. ಹುಟ್ಟಿದ ದಿನಾಂಕಕ್ಕಿಂತ ಮಗು ಸೆಪ್ಟೆಂಬರಿನಲ್ಲಿ ಯಾವ ತರಗತಿಗೆ ಸೇರುತ್ತದೆ ಎಂಬುದನ್ನು ನೋಡಿ ಗುಂಪು ಮಾಡುತ್ತಾರೆ. ಹೀಬ್ರೂ ಹೆಸರುಗಳಿಗೆ ಹೆದರಬೇಡಿ, ಹೆಚ್ಚಿನವು ಪ್ರಾಣಿಪಕ್ಷಿಗಳ ಹೆಸರುಗಳು: ಕೋಫಿಮ್ ಎಂದರೆ ಕೋತಿಗಳು, ದುಬಿಮ್ ಎಂದರೆ ಕರಡಿಗಳು, ಅರಾಯೋತ್ ಎಂದರೆ ಸಿಂಹಗಳು, ನೆಶಾರಿಮ್ ಎಂದರೆ ಹದ್ದುಗಳು. ಯಾವ ಹೆಸರು ಯಾವ ತರಗತಿಗೆ ಎಂಬುದು ಶಿಬಿರದಿಂದ ಶಿಬಿರಕ್ಕೆ ಬೇರೆಯಾಗುತ್ತದೆ.

ನಿಮ್ಮ ಮಗನ ವಯಸ್ಸಿನವರಿಗೆ ದಿನವಿಡೀ ಒಂದೇ ಕೋಣೆ, ಅವೇ ಮುಖಗಳು, ನಿಗದಿಯಾದ ವೇಳಾಪಟ್ಟಿ. ನೀರಿನಾಟ, ಬಣ್ಣ, ಹಾಡು, ಕಥೆ, ಊಟವಾದ ಮೇಲೆ ಚಾಪೆಯ ಮೇಲೆ ಸ್ವಲ್ಪ ವಿಶ್ರಾಂತಿ. ಡಯಾಪರ್ ಬಿಟ್ಟಿರಬೇಕೆಂಬ ನಿಯಮ ಈ ಗುಂಪಿಗೆ ಬಹುತೇಕ ಎಲ್ಲೆಡೆ ಇರುತ್ತದೆ. ಒಂದನೆಯ, ಎರಡನೆಯ ತರಗತಿಯವರನ್ನು ಗುಂಪಾಗಿಯೇ ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಕರೆದೊಯ್ಯುತ್ತಾರೆ. ಮೂರು ಅಥವಾ ನಾಲ್ಕನೆಯ ತರಗತಿ ಮುಟ್ಟಿದ ಮೇಲೆ ಶಿಬಿರದ ಸ್ವರೂಪವೇ ಬದಲಾಗುತ್ತದೆ: ದಿನದ ಒಂದೆರಡು ಅವಧಿಗಳಲ್ಲಿ ಮಕ್ಕಳು ತಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಇವಕ್ಕೆ ಹುಗಿಮ್ ಎನ್ನುತ್ತಾರೆ. ಬಿಲ್ಲುಗಾರಿಕೆ, ನಾಟಕ, ಅಡುಗೆ, ಮಡಕೆ ಮಾಡುವುದು, ಹಗ್ಗದ ಸಾಹಸಪಥ, ಹೀಗೆ. ಹೊರಗಿನ ಪ್ರವಾಸಗಳೂ, ಒಂದು ರಾತ್ರಿ ಶಿಬಿರದಲ್ಲಿಯೇ ಡೇರೆ ಹಾಕಿ ಮಲಗುವ ಸಂಭ್ರಮವೂ ಸಾಮಾನ್ಯವಾಗಿ ದೊಡ್ಡ ಗುಂಪಿನವರಿಗೇ ಮೀಸಲು. ಒಂಬತ್ತು, ಹತ್ತನೆಯ ತರಗತಿಯವರು ಕೌನ್ಸೆಲರ್ ತರಬೇತಿಗೆ ಸೇರುತ್ತಾರೆ. ನಿಮ್ಮ ಮಗಳು ಸರಿಯಾಗಿ ಈ ತಿರುವಿನಲ್ಲಿದ್ದಾಳೆ. ಅವಳಿಗೆ ಬೇಕಾದ ಹುಗಿಮ್ ಯಾವುವು ಎಂದು ಹೆಸರು ನೋಂದಾಯಿಸುವಾಗ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನನ್ನ ಹಿರಿಯವನಿಗೆ ನಾನೇ ಚೆಸ್ ಆರಿಸಿಬಿಟ್ಟಿದ್ದೆ. ಎರಡು ವಾರ ಮುಖ ಊದಿಸಿಕೊಂಡಿದ್ದ.

ಗಾಗಾ ಎಂಬುದು ಎಂಟು ಮೂಲೆಯ ಮರದ ಕಟಾಂಜನದೊಳಗೆ ಆಡುವ ಚೆಂಡಾಟ. ಅಂಗೈಯಿಂದ ಚೆಂಡನ್ನು ಹೊಡೆಯಬೇಕು, ಮಂಡಿಯಿಂದ ಕೆಳಗೆ ಯಾರಿಗೆ ತಗುಲಿತೋ ಅವರು ಔಟ್. ಮಕ್ಕಾಬಿಯಾ ಎಂದರೆ ಬೇಸಿಗೆಯ ಕೊನೆಯ ಭಾಗದಲ್ಲಿ ಇಡೀ ಶಿಬಿರವನ್ನು ಬಣ್ಣಗಳ ತಂಡಗಳಾಗಿ ಹಂಚಿ ನಡೆಸುವ ಪಂದ್ಯಾವಳಿ. ಅದರಲ್ಲಿ ಓಟದಷ್ಟೇ ಅಂಕ ಹಾಡು ಕಟ್ಟುವುದಕ್ಕೂ ಘೋಷಣೆ ಕೂಗುವುದಕ್ಕೂ ಇರುತ್ತದೆ. ಆ ದಿನಗಳಲ್ಲಿ ಮಗುವಿನ ಗಂಟಲು ಕಟ್ಟಿ ಮನೆಗೆ ಬಂದರೆ ಗಾಬರಿಯಾಗಬೇಡಿ.

ಈಜು ಎಲ್ಲ ವಯಸ್ಸಿನವರಿಗೂ ಇರುತ್ತದೆ. ಮಗನಿಗೆ ಈಜು ಕಲಿಸುವುದು ತಂದೆಯ ಕರ್ತವ್ಯಗಳಲ್ಲಿ ಒಂದೆಂಬ ಅಭಿಪ್ರಾಯ ಯಹೂದಿಗಳ ಧರ್ಮಶಾಸ್ತ್ರವಾದ ತಾಲ್ಮೂದ್ ಗ್ರಂಥದ ಕಿದ್ದುಷಿನ್ ಭಾಗದಲ್ಲಿಯೇ ಬರುತ್ತದೆಯಂತೆ. ಶಿಬಿರದ ನಿರ್ದೇಶಕರು ಪ್ರತಿ ವರ್ಷ ಪಾಲಕರ ಸಭೆಯಲ್ಲಿ ಇದನ್ನು ತಪ್ಪದೆ ಹೇಳುತ್ತಾರೆ. ಮೊದಲ ದಿನವೇ ಪರೀಕ್ಷೆ ಮಾಡಿ, ಎಷ್ಟು ಆಳಕ್ಕೆ ಇಳಿಯಬಹುದೆಂದು ಗುರುತಿಸಲು ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ.

ಉತ್ತರ 2: ಮಲ್ಲಿಗೆ_ಹಂಬು

ಹಳೆಯ ಬೆಂಚು ಅವರು ಊಟದ ವಿಷಯವನ್ನು ಬಿಟ್ಟಿದ್ದಾರೆ, ಅದನ್ನು ನಾನು ಹೇಳುತ್ತೇನೆ. ನಮ್ಮ ಮನೆಯಲ್ಲೂ ಮೊಟ್ಟೆ ಇಲ್ಲ.

ಅಲ್ಲಿ ಊಟ ಕೋಷರ್ ಆಗಿರಬೇಕು, ಅಂದರೆ ಯಹೂದಿ ಧರ್ಮದ ಆಹಾರ ನಿಯಮಗಳಿಗೆ ಒಪ್ಪುವಂತಿರಬೇಕು. ಕೋಷರ್ ಎಂದರೆ ಸಸ್ಯಾಹಾರ ಎಂದು ತಿಳಿದುಕೊಂಡು ನಾನು ಮೊದಲ ವರ್ಷ ಎಡವಿದೆ. ಅವರ ಲೆಕ್ಕದಲ್ಲಿ ಆಹಾರ ಮೂರು ಬಗೆ: ಮಾಂಸದ್ದು, ಹಾಲಿನದ್ದು, ಎರಡೂ ಅಲ್ಲದ್ದು. ಮಾಂಸವನ್ನೂ ಹಾಲನ್ನೂ ಒಟ್ಟಿಗೆ ಸೇರಿಸುವಂತಿಲ್ಲ. ಮೂರನೆಯದಕ್ಕೆ ಪಾರೆವ್ ಎನ್ನುತ್ತಾರೆ, ಅದರಲ್ಲಿ ಹಣ್ಣು, ತರಕಾರಿ, ಧಾನ್ಯಗಳ ಜೊತೆಗೆ ಮೊಟ್ಟೆ ಮತ್ತು ಮೀನು ಕೂಡ ಸೇರುತ್ತವೆ. ಆದ್ದರಿಂದ ‘ಇಂದು ಪಾರೆವ್ ಊಟ’ ಎಂದು ಬರೆದಿದ್ದರೆ ಅದು ಟ್ಯೂನಾ ಮೀನಿನ ಸ್ಯಾಂಡ್‌ವಿಚ್ ಆಗಿರಬಹುದು. ಶಬ್ಬಾತ್ ಎಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಅವರ ವಾರದ ವಿಶ್ರಾಂತಿಯ ದಿನ. ಅದನ್ನು ಬರಮಾಡಿಕೊಳ್ಳುವ ಶುಕ್ರವಾರದ ಆಚರಣೆಯಲ್ಲಿ ಕೊಡುವ ಹಲ್ಲಾ ಎಂಬ ಜಡೆಯಂತೆ ಹೆಣೆದ ಬ್ರೆಡ್ಡಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಶಿಬಿರಾಗ್ನಿಯಲ್ಲಿ ಸುಡುವ ಕೋಷರ್ ಮಾರ್ಷ್‌ಮೆಲೋಗಳಲ್ಲಿ ಎಷ್ಟೋ ಬಾರಿ ಮೀನಿನ ಜೆಲಟಿನ್ ಇರುತ್ತದೆ. ಇವೆರಡನ್ನು ಮುಂಚೆಯೇ ಕೌನ್ಸೆಲರ್‌ಗೆ ಬರೆದು ತಿಳಿಸಿದರೆ ಸಾಕು. ‘ಇದನ್ನು ತಿನ್ನುವಂತಿಲ್ಲ’ ಎಂಬ ಮಾತು ಅವರಿಗೆ ಹೊಸದಲ್ಲ. ಶಾಲೆಯಲ್ಲಿ ನಾನು ಹತ್ತು ಸಲ ವಿವರಿಸಿದ್ದನ್ನು ಇಲ್ಲಿ ಒಮ್ಮೆ ಹೇಳಿದ್ದೇ ಅರ್ಥಮಾಡಿಕೊಂಡರು.

ಡಬ್ಬಿಯನ್ನು ಮನೆಯಿಂದ ತರಬಹುದಾದ ಜೆ.ಸಿ.ಸಿ.ಗಳಲ್ಲಿ ಮಾಂಸ, ಸಿಗಡಿ, ಏಡಿ ಬೇಡ ಎಂಬುದು ಸಾಮಾನ್ಯ ನಿಯಮ. ನಮಗೆ ಅದರಿಂದ ತೊಂದರೆಯೇ ಇಲ್ಲ. ಮೊಸರನ್ನ, ಚಪಾತಿ ಪಲ್ಯ, ಇಡ್ಲಿ ಎಲ್ಲವೂ ನಡೆಯುತ್ತವೆ. ತೊಂದರೆ ಇರುವುದು ಕಡಲೆಕಾಯಿ ಬೀಜದಲ್ಲಿ. ಅಲರ್ಜಿಯ ಕಾರಣಕ್ಕೆ ಅದನ್ನೂ ಗೋಡಂಬಿಯಂಥವನ್ನೂ ಕಟ್ಟುನಿಟ್ಟಾಗಿ ನಿಷೇಧಿಸಿರುತ್ತಾರೆ. ಚಿತ್ರಾನ್ನ, ಪುಳಿಯೋಗರೆ, ಶೇಂಗಾ ಚಟ್ನಿಪುಡಿ ಸವರಿದ ದೋಸೆ, ಇವನ್ನು ಕಳುಹಿಸುವ ಮುನ್ನ ಎರಡು ಬಾರಿ ಯೋಚಿಸಿ. ಗಾನ್ ಇಸ್ರೇಲ್‌ನಂಥ ಕಟ್ಟುನಿಟ್ಟಿನ ಶಿಬಿರಗಳಲ್ಲಾದರೋ ಕೋಷರ್ ಅಲ್ಲದ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಒಳಗೆ ಬಿಡದೇ ಇರಬಹುದು. ಎಷ್ಟೇ ಶುದ್ಧ ಸಸ್ಯಾಹಾರವಾಗಿದ್ದರೂ ಪಾತ್ರೆಯ ಪ್ರಶ್ನೆ ಬರುತ್ತದೆ. ಮಡಿಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ 3: ಕಾಫಿ_ಗಿಡ

ಚಿಕ್ಕವನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾಲ್ಕೂವರೆ ವರ್ಷದವನನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ಅದರ ಮೇಲೆ ಕಚೇರಿಗೆ ಹೋಗುವವರಿಗೆಂದು ಇರುವ ಹೆಚ್ಚುವರಿ ಅವಧಿಗೂ ಸೇರಿಸಿ, ಎಂಟು ವಾರ ಒಂದೇ ಸಮನೆ ಬಿಡುವುದು ನನಗೆ ಸರಿಯೆನಿಸುವುದಿಲ್ಲ. ಬಿಸಿಲು, ನೀರು, ಗದ್ದಲ ಎಲ್ಲ ಸೇರಿ ಮಗು ಹೈರಾಣಾಗುತ್ತದೆ. ಹೆಚ್ಚಿನ ಶಿಬಿರಗಳು ವಾರದ ಲೆಕ್ಕದಲ್ಲಿ ನೋಂದಣಿ ಮಾಡಿಕೊಳ್ಳುತ್ತವೆ, ಕೆಲವೆಡೆ ಚಿಕ್ಕವರಿಗೆ ಅರ್ಧ ದಿನವೂ ಉಂಟು. ಎರಡು ವಾರ ಕಳುಹಿಸಿ ನೋಡಿ, ಬಳಿಕ ಒಂದು ವಾರ ರಜೆ ಹಾಕಿ ಮನೆಯಲ್ಲಿಟ್ಟುಕೊಳ್ಳಿ.

ಮಕ್ಕಳಿಗೆ ಎಷ್ಟು ಜನ ಮೇಲ್ವಿಚಾರಕರು ಎಂಬುದನ್ನು ತಪ್ಪದೆ ಕೇಳಿ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಡೇ ಕ್ಯಾಂಪ್‌ಗಳಿಗೆ ಗೊತ್ತುಪಡಿಸಿರುವ ಅಳತೆಯಂತೆ, ಐದು ವರ್ಷದವರೆಗೆ 6 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರಿಗೆ 8 ಮಕ್ಕಳಿಗೆ ಒಬ್ಬರು, ಒಂಬತ್ತರಿಂದ ಹದಿನಾಲ್ಕರವರಿಗೆ 10 ಮಕ್ಕಳಿಗೆ ಒಬ್ಬರು ಇರಬೇಕು. ಆ ಸಂಸ್ಥೆಯ ಮಾನ್ಯತೆ ಕಡ್ಡಾಯವಲ್ಲ, ಆದರೆ ನ್ಯೂಜೆರ್ಸಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ಪ್ರಮಾಣಪತ್ರ ಇರಲೇಬೇಕು. ಜೊತೆಗೆ ಒಂದು ಲೆಕ್ಕದ ಮಾತು: ದಂಪತಿಗಳಿಬ್ಬರೂ ದುಡಿಯುತ್ತಿದ್ದು ಮಗುವಿಗೆ ಹದಿಮೂರು ತುಂಬಿರದಿದ್ದರೆ ಡೇ ಕ್ಯಾಂಪ್ ಶುಲ್ಕವನ್ನು ಮಕ್ಕಳ ಪಾಲನೆಯ ಖರ್ಚೆಂದು ತೆರಿಗೆಯಲ್ಲಿ ತೋರಿಸಬಹುದು, ರಾತ್ರಿ ತಂಗುವ ಶಿಬಿರಕ್ಕೆ ಆ ಸೌಲಭ್ಯವಿಲ್ಲ.

ಉತ್ತರ 4: ದೀಪದ_ಕಂಬ

ಧರ್ಮಬೋಧನೆಯ ಬಗ್ಗೆ ಕೇಳಿದ್ದೀರಿ. ಜೆ.ಸಿ.ಸಿ.ಯಲ್ಲಿ ಅದು ಹಬ್ಬದ ವಾತಾವರಣದ ರೂಪದಲ್ಲಿರುತ್ತದೆ: ಬೆಳಿಗ್ಗೆ ಧ್ವಜಸ್ತಂಭದ ಬಳಿ ಹೀಬ್ರೂ ಹಾಡು, ಶುಕ್ರವಾರ ದ್ರಾಕ್ಷಿ ರಸ ಮತ್ತು ಹಲ್ಲಾ ಇಟ್ಟುಕೊಂಡು ಹೇಳುವ ಆಶೀರ್ವಚನ. ಇಸ್ರೇಲಿನಿಂದ ಯಹೂದಿ ಏಜೆನ್ಸಿ ಎಂಬ ಸಂಸ್ಥೆಯ ಮೂಲಕ ಬರುವ ಯುವ ಕಾರ್ಯಕರ್ತರೂ ಇರಬಹುದು. ಅವರು ಆ ದೇಶದ ಹಾಡು, ನೃತ್ಯ, ತಿಂಡಿಗಳನ್ನು ಪರಿಚಯಿಸುತ್ತಾರೆ. ಮನೆಯಲ್ಲಿ ಈ ವಿಷಯದಲ್ಲಿ ಬೇರೆ ನಿಲುವಿದ್ದರೆ ಅದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಗಾನ್ ಇಸ್ರೇಲ್‌ನಲ್ಲಿ ಪ್ರಾರ್ಥನೆ ದಿನಚರಿಯ ಭಾಗವೇ ಆಗಿದೆ. ಬೆಳಗಿನ ಮೋದೆ ಅನಿ ಪ್ರಾರ್ಥನೆ ಇರುತ್ತದೆ, 1976ರಲ್ಲಿ ಅವರ ಗುರುಗಳಾದ ಲುಬಾವಿಚ್ ರೆಬ್ಬೆ ಮಕ್ಕಳಿಗಾಗಿ ಧರ್ಮಗ್ರಂಥಗಳಿಂದ ಆರಿಸಿದ ಹನ್ನೆರಡು ವಾಕ್ಯಗಳನ್ನು ಮಕ್ಕಳು ಗಟ್ಟಿಯಾಗಿ ಹೇಳುತ್ತಾರೆ.

ವಾರಗಳನ್ನು ಆರಿಸುವಾಗ ಪಂಚಾಂಗವನ್ನೂ ನೋಡಿ, ಅಂದರೆ ಅವರ ಪಂಚಾಂಗವನ್ನು. ಜೆರುಸಲೇಮಿನ ಎರಡು ದೇವಾಲಯಗಳೂ ನಾಶವಾದುದರ ಶೋಕದ ದಿನ ತಿಶಾ ಬೆಆವ್, ಈ ವರ್ಷ 2026ರಲ್ಲಿ ಜುಲೈ 22ರ ಸಂಜೆಯಿಂದ 23ರ ರಾತ್ರಿಯವರೆಗೆ. ಸಂಪ್ರದಾಯಸ್ಥ ಶಿಬಿರಗಳಲ್ಲಿ ಆ ದಿನದೊಂದಿಗೆ ಮುಗಿಯುವ ಒಂಬತ್ತು ದಿನಗಳಲ್ಲಿ ಮಾಂಸವಿಲ್ಲ, ಮೋಜಿನ ಈಜನ್ನೂ ನಿಲ್ಲಿಸುವುದುಂಟು. ಈಜಿಗಾಗಿಯೇ ಸೇರಿಸುವವರು ಆ ವಾರವನ್ನು ಬಿಡಬಹುದು.

ಇನ್ನೊಂದು ಸಂಗತಿ, ಹೇಳಲು ಸ್ವಲ್ಪ ಹಿಂಜರಿಕೆ. ಮಕ್ಕಳ ಕೊರಳಲ್ಲಿ ಸ್ವಸ್ತಿಕದ ಪದಕವಿದ್ದರೆ, ಡಬ್ಬಿಯ ಚೀಲದ ಮೇಲೆ ಊರಿನ ದೇವಸ್ಥಾನದ ಸ್ವಸ್ತಿಕದ ಚಿತ್ರವಿದ್ದರೆ ಮನೆಯಲ್ಲಿಯೇ ಇಡಿ. ನಮಗದು ಮಂಗಳ ಚಿಹ್ನೆ. 2008ರಲ್ಲಿ ಜೆರುಸಲೇಮಿನಲ್ಲಿ ನಡೆದ ಹಿಂದೂ ಮತ್ತು ಯಹೂದಿ ಧರ್ಮಗುರುಗಳ ಸಭೆ ಇದನ್ನು ಒಪ್ಪಿ ಘೋಷಣೆಯನ್ನೂ ಹೊರಡಿಸಿತು. ಆದರೆ ಸಂಜೆ ಮೊಮ್ಮಗುವನ್ನು ಕರೆದೊಯ್ಯಲು ಬಂದ ಎಂಬತ್ತೈದರ ಅಜ್ಜಿಗೆ ಆ ಘೋಷಣೆ ಗೊತ್ತಿರಬೇಕೆಂದಿಲ್ಲ, ಅವರಿಗೆ ನೆನಪಾಗುವುದು ಹಿಟ್ಲರನ ನಾಜಿಗಳ ಚಿಹ್ನೆ. ನಮ್ಮ ಮಗಳ ಚೀಲದ ಮೇಲಿದ್ದುದನ್ನು ಕೌನ್ಸೆಲರ್ ಹುಡುಗಿಯೊಬ್ಬಳು ಮೆಲ್ಲನೆ ನಮ್ಮ ಗಮನಕ್ಕೆ ತಂದಳು. ಅವಳ ಸೌಜನ್ಯದಿಂದ ವಿಷಯ ಅಲ್ಲಿಗೇ ಮುಗಿಯಿತು.

ಸುರಕ್ಷತೆಯ ಆತಂಕ ಸಹಜವಾದದ್ದೇ. 1999ರ ಆಗಸ್ಟ್ 10ರಂದು ಲಾಸ್ ಏಂಜಲೀಸ್‌ನ ಒಂದು ಜೆ.ಸಿ.ಸಿ.ಯಲ್ಲಿ ಬಂದೂಕುಧಾರಿಯೊಬ್ಬ ಗುಂಡು ಹಾರಿಸಿ, ಶಿಬಿರಕ್ಕೆ ಬಂದಿದ್ದ ಮೂವರು ಮಕ್ಕಳು ಸೇರಿ ಐದು ಜನ ಗಾಯಗೊಂಡರು. 2017ರಲ್ಲಿ ಹಲವು ಕೇಂದ್ರಗಳಿಗೆ ಬಾಂಬ್ ಬೆದರಿಕೆಯ ಕರೆಗಳು ಬಂದವು. ಇದರಿಂದಾಗಿಯೇ ಈಗ ದ್ವಾರದಲ್ಲಿ ಕಾವಲು, ಕರೆದೊಯ್ಯುವವರ ಗುರುತಿನ ಚೀಟಿಯ ತಪಾಸಣೆ ಇತ್ಯಾದಿ ಬಿಗಿಯಾಗಿವೆ. ನೋಂದಣಿಗೆ ಮುನ್ನ ನಿಮ್ಮ ಯಜಮಾನರೇ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರಲಿ.

ಮರು ಉತ್ತರ: ಹೇಮಾವತಿ_ತೀರ

ಎಲ್ಲರಿಗೂ ಧನ್ಯವಾದಗಳು. ಗಾನ್ ಇಸ್ರೇಲ್‌ಗೆ ಕರೆ ಮಾಡಿದೆ. ತಮ್ಮ ಶಿಬಿರ ಯಹೂದಿ ಮಕ್ಕಳಿಗೆ ಮಾತ್ರ ಎಂದು ವಿನಯದಿಂದಲೇ ತಿಳಿಸಿದರು. ಯಜಮಾನರು ಶನಿವಾರ ಜೆ.ಸಿ.ಸಿ.ಗೆ ಹೋಗಿ, ಶಬ್ಬಾತ್ ಆದ್ದರಿಂದ ಕಚೇರಿ ಮುಚ್ಚಿದೆಯೆಂದು ತಿಳಿದು ಹಿಂದಿರುಗಿ, ಭಾನುವಾರ ಮತ್ತೆ ಹೋಗಿಬಂದರು. ದ್ವಾರದಲ್ಲಿ ಅವರ ಗುರುತಿನ ಚೀಟಿಯನ್ನು ಎರಡು ಬಾರಿ ನೋಡಿದರಂತೆ, ಅದರಿಂದ ಅವರಿಗೆ ಸಮಾಧಾನವಾಗಿದೆ.

ಮಗಳನ್ನು ಆರು ವಾರಕ್ಕೆ ಸೇರಿಸಿದ್ದೇವೆ. ಅವಳೇ ಬಿಲ್ಲುಗಾರಿಕೆ ಮತ್ತು ನಾಟಕವನ್ನು ಆರಿಸಿಕೊಂಡಳು. ಮಗನಿಗೆ ಕಾಫಿ ಗಿಡ ಅವರು ಹೇಳಿದಂತೆ ಮೊದಲಿಗೆ ಎರಡು ವಾರ, ಅರ್ಧ ದಿನ. ಮಧ್ಯಾಹ್ನಗಳನ್ನು ನಾವಿಬ್ಬರೂ ಸರದಿಯಂತೆ ಮನೆಯಿಂದ ಕೆಲಸ ಮಾಡಿ ಸರಿದೂಗಿಸಬೇಕು. ಮಲ್ಲಿಗೆ ಹಂಬು ಅವರಲ್ಲಿ ಒಂದು ಪ್ರಶ್ನೆ ಉಳಿದಿದೆ: ಬೀಜಗಳ ನಿಷೇಧದಲ್ಲಿ ತೆಂಗಿನಕಾಯಿಯೂ ಸೇರುತ್ತದೆಯೇ?

ಉತ್ತರ 5: ಮಲ್ಲಿಗೆ_ಹಂಬು

ನಮ್ಮಲ್ಲಿ ಸೇರುವುದಿಲ್ಲ, ಆದರೆ ನಿಮ್ಮ ಶಿಬಿರದ ದಾದಿಯನ್ನು ಕೇಳಿ ಬರಹದಲ್ಲಿ ಉತ್ತರ ಪಡೆದುಕೊಳ್ಳಿ. ಅಲ್ಲಿಯವರೆಗೆ ಪಲ್ಯಕ್ಕೆ ಕಾಯಿ ಹಾಕಬೇಡಿ.