ಉಪ್ಪು ನೀರಿನ ಫಾರ್ವರ್ಡ್

ಶೋಭಾ ಅತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಯಾರಾದರೂ ವಿಷ ಕುಡಿದರೆ ತಕ್ಷಣ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ. ಆಮೇಲೆ ಆರಾಮಾಗಿದ್ದರೆ ಆಸ್ಪತ್ರೆ ಬೇಡ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ಒಳ್ಳೆಯ ಮಾಹಿತಿ. ಈಗಿನವರು ಮಾತ್ರೆ ಡಬ್ಬಿ ಮಕ್ಕಳ ಕೈಗೆ ಸಿಗುವ ಹಾಗೆ ಇಡುತ್ತಾರೆ, ಆಮೇಲೆ ಬಾಯಿ ಬಡಿದುಕೊಳ್ಳುತ್ತಾರೆ.

ಕಿರಣ: ಅತ್ತೆ, ಇದನ್ನು ಹೇಳಿದ ಡಾಕ್ಟರ್ ಯಾರು? ಹೆಸರೇ ಇಲ್ಲವಲ್ಲ.

ಶೋಭಾ ಅತ್ತೆ: ಬಂದಿದ್ದನ್ನು ಕಳಿಸಿದೆ, ಅಷ್ಟೇ. ನಿಮ್ಮಮ್ಮ ಹಾಕಿದರೆ ಸುಮ್ನೆ ಇರುತ್ತೀಯ, ನಾನು ಹಾಕಿದರೆ ಸಾಕ್ಷಿ ಬೇಕು.

ಸುಮಾ: ಅತ್ತೆ, ದಯವಿಟ್ಟು ಡಿಲೀಟ್ ಮಾಡಿ. ಎಮರ್ಜೆನ್ಸಿಯಲ್ಲಿ ದಿನಾ ಡ್ಯೂಟಿ ಮಾಡುವವಳು ಹೇಳುತ್ತಿದ್ದೇನೆ. ಆಸಿಡ್ ಕುಡಿದವರಿಗೆ ವಾಂತಿ ಮಾಡಿಸಿದರೆ ಗಂಟಲು ಎರಡನೇ ಸಲ ಸುಡುತ್ತದೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಜಾಸ್ತಿ ಉಪ್ಪು ಹೋದರೆ ರಕ್ತದಲ್ಲಿ ಸೋಡಿಯಂ ಏರಿ ಅದೇ ಜೀವ ತೆಗೆಯಬಹುದು.

ಮಂಜು: ಸೀಮೆಎಣ್ಣೆ ಅಂದ ಕೂಡಲೇ ನೆನಪಾಯಿತು. ಚಿಕ್ಕವನಿದ್ದಾಗ ಕಿರಣ ಕುಡಿದಿದ್ದ ಅಲ್ವಾ? ಅಜ್ಜಿ ಎತ್ತಿಕೊಂಡು ಓಡಿದ್ದು, ಸೀರೆ ಎಲ್ಲಾ ವಾಸನೆ. ಎಂಥಾ ರಜೆಗಳು ಅವು!

ದೊಡ್ಡಪ್ಪ: ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು ನಾನು. ಅದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಕಿರಣ: ಅವತ್ತು ನೀವೇ ಓಡಿದ್ದಿರಿ, ಇವತ್ತು ಆಸ್ಪತ್ರೆ ಬೇಡ ಅನ್ನುವ ಮೆಸೇಜಿಗೆ ಒಳ್ಳೆಯ ಮಾಹಿತಿ ಅಂತೀರಾ ದೊಡ್ಡಪ್ಪ?

ದೊಡ್ಡಪ್ಪ: ಗೃಹಪ್ರವೇಶದ ದಿನವೂ ನೀನು ಹೀಗೇ ಎದುರು ಮಾತಾಡಿದ್ದೆ.

ಸುಮಾ: ಜಗಳ ಆಮೇಲೆ ಆಡಿ. ‘ಆರಾಮಾಗಿದ್ದರೆ’ ಅನ್ನುವ ಸಾಲೇ ನನಗೆ ಜಾಸ್ತಿ ಭಯ. ಪ್ಯಾರಾಸಿಟಮಾಲ್ ವಿಪರೀತ ನುಂಗಿದವರು ಮೊದಲ ದಿನ ಎದ್ದು ಓಡಾಡಿಕೊಂಡು ಚೆನ್ನಾಗೇ ಇರಬಹುದು, ಲಿವರ್ ಮಾತ್ರ ಒಳಗೊಳಗೇ ಹಾಳಾಗುತ್ತಿರುತ್ತದೆ, ಗೊತ್ತಾಗುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಅಂತ ಮದ್ದಿದೆ. ನುಂಗಿದ 8 ಗಂಟೆಯೊಳಗೆ ಶುರುವಾದರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಯಿತು ಅಂತ ಬಿಡಬೇಡಿ, ಆಮೇಲೂ ಕೊಡುತ್ತಾರೆ. ಬರುವಾಗ ಖಾಲಿ ಸ್ಟ್ರಿಪ್ಪು, ಬಾಟಲಿ ಏನಿದ್ದರೂ ತನ್ನಿ. ಎಷ್ಟು ಹೊತ್ತಿಗೆ ನುಂಗಿದ್ದು ಅಂತ ಹೇಳಿ. ರಕ್ತದಲ್ಲಿ ಪ್ಯಾರಾಸಿಟಮಾಲ್ ಪ್ರಮಾಣ ನೋಡಲು ನುಂಗಿ 4 ಗಂಟೆ ಆಗಿರಬೇಕು, ಅದಕ್ಕೇ ಹೊತ್ತು ಕೇಳುವುದು.

ಮಂಜು: ಇದ್ದಿಲು ಕೊಡುತ್ತಾರಂತಲ್ಲ, ಮನೆಯಲ್ಲೇ ಕೊಡಬಹುದಾ?

ಸುಮಾ: ಬೇಡ ಮಂಜು. ಅದು ಒಲೆಯ ಇದ್ದಿಲಲ್ಲ, ಆಕ್ಟಿವೇಟೆಡ್ ಚಾರ್ಕೋಲ್, ಹೊಟ್ಟೆಯಲ್ಲಿ ವಿಷ ಹೀರಿಕೊಳ್ಳುವ ಹಾಗೆ ತಯಾರಿಸಿದ ಪುಡಿ. ಸಾಮಾನ್ಯವಾಗಿ ನುಂಗಿದ 1 ಗಂಟೆಯೊಳಗೆ ಬಂದವರಿಗೆ, ಅದೂ ಡಾಕ್ಟರ್ ನೋಡಿ ಕೊಡುವುದು. ಆಸಿಡ್ಡಿಗೆ, ಸೀಮೆಎಣ್ಣೆಗೆ ಕೊಡುವುದಿಲ್ಲ.

ಶೋಭಾ ಅತ್ತೆ: ಭಜನೆ ಗುಂಪಿಗೂ ಕಳಿಸಿದ್ದೆ. ಅಲ್ಲಿ ಯಾರೂ ನನ್ನನ್ನು ಬೈದಿಲ್ಲ.

ಸುಮಾ: ನಾನೂ ಬೈಯುತ್ತಿಲ್ಲ ಅತ್ತೆ. ಅಲ್ಲೂ ಅಳಿಸಿ. ಆಗದಿದ್ದರೆ ನನ್ನ ಮೆಸೇಜನ್ನು ಅದರ ಕೆಳಗೇ ಹಾಕಿ, ಈಗಲೇ.